ಕಲಾಲೋಕವನ್ನೇ ಗೇಲಿ ಮಾಡಿದ ಹಳೆಯ ಅಚ್ಚುಚಿತ್ರಗಳು: ಓದುವುದು ಹೇಗೆ?

ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಮೆಟ್ಟಿಲಿನಿಂದ ಜನ ಒಬ್ಬರ ಮೇಲೊಬ್ಬರು ಉರುಳುತ್ತಿರುವ ಚಿತ್ರವನ್ನೋ, ಬಲೂನಿನಲ್ಲಿ ಕೂತು ಫೋಟೋ ತೆಗೆಯುತ್ತಿರುವವನ ಚಿತ್ರವನ್ನೋ ಯಾರಾದರೂ ಕಳಿಸುತ್ತಾರೆ. ಜೊತೆಗೆ ಒಂದು ಸಾಲು ಇರುತ್ತದೆ: "ತುಂಬಾ ಪ್ರಸಿದ್ಧ ಚಿತ್ರವಂತೆ, ಆದರೆ ಜೋಕು ಎಲ್ಲಿದೆ ಅಂತಲೇ ಗೊತ್ತಾಗಲಿಲ್ಲ."

ಗೊತ್ತಾಗದೇ ಇದ್ದರೆ ಅದು ನಿಮ್ಮ ತಪ್ಪಲ್ಲ. ಆ ಚಿತ್ರಗಳು ಆ ವಾರದ ಸುದ್ದಿ ಗೊತ್ತಿದ್ದವರಿಗಾಗಿ ಮಾಡಿದವು. ಲಂಡನ್ನಿನಲ್ಲೋ ಪ್ಯಾರಿಸ್ಸಿನಲ್ಲೋ ಒಂದು ಚಿತ್ರಪ್ರದರ್ಶನ ನಡೆಯುತ್ತಿತ್ತು, ಊರೆಲ್ಲ ಅಲ್ಲಿಗೆ ಹೋಗಿ ಬರುತ್ತಿತ್ತು, ಮರುದಿನವೇ ಅದರ ಬಗ್ಗೆ ಗೇಲಿ ಅಚ್ಚಾಗಿ ಕೈಗೆ ಸಿಗುತ್ತಿತ್ತು. ನಾವು ನೂರೈವತ್ತು ಇನ್ನೂರು ವರ್ಷ ತಡವಾಗಿ ಬಂದು ನೋಡುತ್ತಿದ್ದೇವೆ. ಆದರೂ ಒಂದು ಕ್ರಮದಲ್ಲಿ ನೋಡಿದರೆ ಮುಕ್ಕಾಲು ಪಾಲು ಬಿಚ್ಚಿಕೊಳ್ಳುತ್ತದೆ. ಆ ಕ್ರಮವನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಏನೇನು ಬೇಕು

ಜಾಸ್ತಿ ಏನೂ ಬೇಡ. ದೊಡ್ಡದು ಮಾಡಿ ನೋಡಲು ಒಂದು ಪರದೆ ಬೇಕು, ಮೊಬೈಲಿಗಿಂತ ಕಂಪ್ಯೂಟರ್ ಒಳ್ಳೆಯದು. ಒಂದು ಹಾಳೆ, ಪೆನ್ನು. ಒಂದು ಚಿತ್ರಕ್ಕೆ ಇಪ್ಪತ್ತು ನಿಮಿಷ.

ಚಿತ್ರಗಳನ್ನು ಮ್ಯೂಸಿಯಂಗಳ ಜಾಲತಾಣಗಳಿಂದಲೇ ತೆಗೆದುಕೊಳ್ಳಿ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ, ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಗ್ಯಾಲಿಕಾ, ಈ ಮೂರರಲ್ಲೇ ಬೇಕಾದಷ್ಟು ಸಿಗುತ್ತವೆ, ದುಡ್ಡು ಕೊಡಬೇಕಿಲ್ಲ. ದೊಮಿಯೆ ಎಂಬ ಫ್ರೆಂಚ್ ಕಲಾವಿದನ ಚಿತ್ರಗಳಿಗೆ 'ದೊಮಿಯೆ ರಿಜಿಸ್ಟರ್' ಎಂಬ ಪ್ರತ್ಯೇಕ ತಾಣವೇ ಇದೆ. ಫೇಸ್‌ಬುಕ್, ವಾಟ್ಸ್ಆ್ಯಪ್‌ನಲ್ಲಿ ಬಂದದ್ದನ್ನು ಇಟ್ಟುಕೊಂಡು ಶುರು ಮಾಡಬೇಡಿ. ಅಲ್ಲಿ ಚಿತ್ರದ ಅಂಚನ್ನು ಕತ್ತರಿಸಿಬಿಟ್ಟಿರುತ್ತಾರೆ. ನಮಗೆ ಬೇಕಾದ ಅರ್ಧ ವಿಷಯ ಇರುವುದು ಆ ಅಂಚಿನಲ್ಲೇ.

ನಾಲ್ಕು ಪದ ತಿಳಿದಿರಲಿ

ಅಚ್ಚುಚಿತ್ರ ಅಂದರೆ ತಾಮ್ರದ ತಗಡಿನ ಮೇಲೋ ಕಲ್ಲಿನ ಮೇಲೋ ಚಿತ್ರ ಮಾಡಿ, ಅದರಿಂದ ಕಾಗದದ ಮೇಲೆ ಪ್ರತಿಗಳನ್ನು ತೆಗೆಯುವುದು. ಒಂದೇ ಚಿತ್ರ, ನೂರಾರು ಸಾವಿರಾರು ಪ್ರತಿ.

ಎಚಿಂಗ್ ತಗಡಿನದು. ಮೇಣದಂಥ ಲೇಪ ಬಳಿದ ತಗಡಿನ ಮೇಲೆ ಸೂಜಿಯಿಂದ ಗೀರಿ, ಗೀರಿದ ಕಡೆ ಆಮ್ಲ ತಿನ್ನುವಂತೆ ಮಾಡುತ್ತಾರೆ. ಕಲ್ಲಚ್ಚು, ಅಂದರೆ ಲಿಥೋಗ್ರಾಫ್, ಸುಣ್ಣದ ಕಲ್ಲಿನದು. ಜಿಡ್ಡಿನ ಬಳಪದಿಂದ ಕಲ್ಲಿನ ಮೇಲೆ ನೇರವಾಗಿ ಬರೆಯಬಹುದು. ನೀರಿಗೂ ಜಿಡ್ಡಿಗೂ ಸೇರುವುದಿಲ್ಲ ಅಲ್ವಾ, ಅದೇ ಇದರ ಗುಟ್ಟು: ಒದ್ದೆ ಕಲ್ಲಿಗೆ ಶಾಯಿ ಹತ್ತುವುದಿಲ್ಲ, ಜಿಡ್ಡಿದ್ದ ಕಡೆ ಮಾತ್ರ ಹತ್ತುತ್ತದೆ. ನಮ್ಮ ಮನೆಗಳಲ್ಲಿ ತೂಗಿದ್ದ ರವಿವರ್ಮ ಪ್ರೆಸ್ಸಿನ ಲಕ್ಷ್ಮಿ, ಸರಸ್ವತಿ ಕೂಡ ಕಲ್ಲಚ್ಚಿನವೇ.

ಸಲೋನ್ ಅಂದರೆ ಪ್ಯಾರಿಸ್ಸಿನ ಸರ್ಕಾರಿ ಚಿತ್ರಪ್ರದರ್ಶನ. ಯಾರ ಚಿತ್ರ ಒಳಗೆ, ಯಾರದು ಹೊರಗೆ ಎಂದು ಒಂದು ತೀರ್ಪುಗಾರರ ಮಂಡಳಿ ಹೇಳುತ್ತಿತ್ತು. ಲಂಡನ್ನಿನಲ್ಲಿ ಅದೇ ಜಾಗದಲ್ಲಿ ಇದ್ದದ್ದು 1768ರಲ್ಲಿ ಶುರುವಾದ ರಾಯಲ್ ಅಕಾಡೆಮಿ. ಇನ್ನು 'ಕಾನಸರ್' ಎಂಬ ಪದ ಎಲ್ಲ ಕಡೆ ಸಿಗುತ್ತದೆ. ಕಲೆಯನ್ನು ಬಲ್ಲವನು ಎಂದು ಅರ್ಥ. ಗೇಲಿ ಚಿತ್ರಗಳಲ್ಲಿ ಹೆಚ್ಚಾಗಿ, ಬಲ್ಲೆ ಅಂದುಕೊಂಡವನು.

1. ಮೊದಲು ಕಾಗದ ನೋಡಿ, ಚಿತ್ರ ಆಮೇಲೆ

ಇದು ಬಿಡಿ ಹಾಳೆಯೋ, ಪತ್ರಿಕೆಯ ಪುಟವೋ? ಮ್ಯೂಸಿಯಂನ ವಿವರಣೆಯಲ್ಲಿ ಬರೆದಿರುತ್ತದೆ.

ಲಂಡನ್ನಿನ ಜೇಮ್ಸ್ ಗಿಲ್‌ರೇಯ ಚಿತ್ರಗಳು ಬಿಡಿ ಹಾಳೆಗಳು. ಹ್ಯಾನಾ ಹಂಫ್ರಿ ಎಂಬ ಹೆಂಗಸಿನ ಅಂಗಡಿಯಲ್ಲಿ ಮಾರುತ್ತಿದ್ದರು, ಎಷ್ಟೋ ಪ್ರತಿಗಳಿಗೆ ಕೈಯಿಂದಲೇ ಬಣ್ಣ ಹಚ್ಚುತ್ತಿದ್ದರು. ಕೊಳ್ಳುವವರು ದುಡ್ಡಿದ್ದವರು. ಕೊಳ್ಳಲಾಗದವರು ಅಂಗಡಿಯ ಕಿಟಕಿ ಮುಂದೆ ಗುಂಪುಗೂಡಿ ನೋಡುತ್ತಿದ್ದರು. ಇಂಥ ಹಾಳೆಯಲ್ಲಿ ವಿವರ ಜಾಸ್ತಿ, ಒಂದೊಂದು ಮೂಲೆಯಲ್ಲೂ ಏನೋ ಇರುತ್ತದೆ. ನಿಧಾನವಾಗಿ ನೋಡಬೇಕು.

ಒನೊರೆ ದೊಮಿಯೆಯದು ಬೇರೆ. ಅವನ ಬಹುಪಾಲು ಚಿತ್ರಗಳು 1832ರಲ್ಲಿ ಶುರುವಾದ 'ಲ ಶಾರಿವಾರಿ' ಎಂಬ ದಿನಪತ್ರಿಕೆಯಲ್ಲಿ ಬಂದವು. ಪಾತ್ರೆ ತಟ್ಟೆ ಬಡಿದು ಗದ್ದಲ ಎಬ್ಬಿಸಿ ಯಾರನ್ನಾದರೂ ಗೇಲಿ ಮಾಡುವುದಕ್ಕೆ ಫ್ರೆಂಚ್‌ನಲ್ಲಿ ಶಾರಿವಾರಿ ಅನ್ನುತ್ತಾರೆ. ಜೀವಮಾನದಲ್ಲಿ ಅವನು ಸುಮಾರು ನಾಲ್ಕು ಸಾವಿರ ಕಲ್ಲಚ್ಚು ಮಾಡಿದ. ಆ ವೇಗಕ್ಕೆ ತಕ್ಕಂತೆ ಅವನ ಚಿತ್ರದಲ್ಲಿ ಎರಡೋ ಮೂರೋ ಮುಖ, ಒಂದು ಭಂಗಿ, ಮುಗಿಯಿತು. ಅಲ್ಲಿ ಮೂಲೆ ಹುಡುಕಿ ಪ್ರಯೋಜನವಿಲ್ಲ, ಮುಖ ನೋಡಬೇಕು.

ಇಲ್ಲಿ ಜನ ಎಡವುವುದು ಎರಡು ಕಡೆ. ಒಂದು, ಬಣ್ಣದಿಂದ ಅರ್ಥ ಹುಡುಕುವುದು. ಶಾರಿವಾರಿಯ ಚಿತ್ರಗಳು ಕಪ್ಪು ಬಿಳುಪು. ಬಣ್ಣ ಕಂಡರೆ ಆಮೇಲೆ ಯಾರೋ ಹಚ್ಚಿದ್ದಿರಬಹುದು. ಗಿಲ್‌ರೇಯ ಹಾಳೆಗಳಲ್ಲೂ ಒಂದು ಪ್ರತಿಯಲ್ಲಿ ಕೆಂಪಾಗಿದ್ದ ಕೋಟು ಇನ್ನೊಂದರಲ್ಲಿ ನೀಲಿ ಇರಬಹುದು. ಇನ್ನೊಂದು, ಎಡ ಬಲ. ಕಲ್ಲಿನ ಮೇಲೆ ಬರೆದದ್ದು ಕಾಗದದ ಮೇಲೆ ಕನ್ನಡಿಯಲ್ಲಿ ಕಂಡಂತೆ ತಿರುಗಿ ಬರುತ್ತದೆ. ಹಾಗಾಗಿ ಚಿತ್ರದೊಳಗಿನ ಕಲಾವಿದ ಎಡಗೈಯಲ್ಲಿ ಕುಂಚ ಹಿಡಿದಿದ್ದರೆ ಅದಕ್ಕೊಂದು ಗೂಢಾರ್ಥ ಕಟ್ಟಬೇಡಿ.

2. ತಾರೀಕು ಹುಡುಕಿ

ಇಂಗ್ಲಿಷ್ ಅಚ್ಚುಚಿತ್ರಗಳ ಅಡಿಯಲ್ಲಿ ಸಣ್ಣಕ್ಷರದ ಒಂದು ಸಾಲು ಇರುತ್ತದೆ. ಯಾರು ಪ್ರಕಟಿಸಿದರು, ಯಾವ ಬೀದಿ, ಯಾವ ದಿನ. ಇದಕ್ಕೆ ಕಾರಣ 1735ರ ಕಾನೂನು. ಚಿತ್ರಗಳನ್ನು ಕದ್ದು ಅಚ್ಚು ಹಾಕುವವರ ಕಾಟ ತಾಳಲಾರದೆ ಇಂಗ್ಲಿಷ್ ಕಲಾವಿದ ವಿಲಿಯಂ ಹೋಗಾರ್ತ್ ಮತ್ತು ಜೊತೆಯವರು ಪಾರ್ಲಿಮೆಂಟಿಗೆ ಮೊರೆಯಿಟ್ಟು ಮಾಡಿಸಿಕೊಂಡದ್ದು. ನಮಗೆ ಆ ಸಾಲು ದೊಡ್ಡ ಉಪಕಾರ. ತಾರೀಕು ಸಿಕ್ಕರೆ, ಅದರ ಹಿಂದಿನ ಆರು ತಿಂಗಳಲ್ಲಿ ಕಲಾಲೋಕದಲ್ಲಿ ಏನಾಯಿತು ಎಂದು ಹುಡುಕಿದರೆ ಸಾಕು.

ಒಂದು ಉದಾಹರಣೆಯನ್ನು ಪೂರ್ತಿ ನೋಡೋಣ. ಗಿಲ್‌ರೇಯ 'ಟಿಶಿಯಾನಸ್ ರೆಡಿವೈವಸ್', ಅಂದರೆ 'ಮತ್ತೆ ಹುಟ್ಟಿ ಬಂದ ಟಿಶಿಯನ್'. ಟಿಶಿಯನ್ ಅಂದರೆ ವೆನಿಸ್‌ನ ಹಳೆಯ ದೊಡ್ಡ ಕಲಾವಿದ. ತಾರೀಕು 1797ರ ನವೆಂಬರ್ 2. ಒಬ್ಬ ಹುಡುಗಿ ಕಾಮನಬಿಲ್ಲಿನ ಮೇಲೆ ನಿಂತು ಚಿತ್ರ ಬಿಡಿಸುತ್ತಿದ್ದಾಳೆ. ಕೆಳಗೆ ಏಳು ಜನ ದೊಡ್ಡ ಮನುಷ್ಯರು ಕೂತು ಭಕ್ತಿಯಿಂದ ಕೇಳುತ್ತಿದ್ದಾರೆ. ನೆಲದಿಂದ ಒಂದು ಭೂತ ಏಳುತ್ತಿದೆ. ತಾರೀಕು ಇಲ್ಲದೆ ಇದು ಸುಮ್ನೆ ಹುಚ್ಚಾಟದ ಹಾಗೆ ಕಾಣುತ್ತದೆ.

ಆ ವರ್ಷ ಹುಡುಕಿ. ಆ್ಯನ್ ಪ್ರೊವಿಸ್ ಎಂಬ ಹುಡುಗಿ ಮತ್ತು ಅವಳ ಅಪ್ಪ, ವೆನಿಸ್‌ನ ಹಳೆಯ ಕಲಾವಿದರು ಬಣ್ಣ ಬಳಸುತ್ತಿದ್ದ ರಹಸ್ಯ ನಮ್ಮ ಹತ್ತಿರ ಹಳೆಯ ಹಸ್ತಪ್ರತಿಯಲ್ಲಿದೆ ಎಂದು ಹೇಳಿಕೊಂಡು ಅಕಾಡೆಮಿಯ ಕಲಾವಿದರಿಗೆ ತಲಾ ಹತ್ತು ಗಿನಿಗೆ ಅದನ್ನು ಮಾರಿದರು. ಗಿನಿ ಅಂದರೆ ಆಗಿನ ಬ್ರಿಟಿಷ್ ನಾಣ್ಯ. ಅಕಾಡೆಮಿಯ ಅಧ್ಯಕ್ಷ ಬೆಂಜಮಿನ್ ವೆಸ್ಟ್ ಕೂಡ ಅದರ ಹಿಂದೆ ಬಿದ್ದ. ರಹಸ್ಯ ಪೂರಾ ಸುಳ್ಳು. ದೇಶಕ್ಕೆಲ್ಲ ಕಲೆ ಕಲಿಸುವ ಸಂಸ್ಥೆಯವರೇ ಒಂದು ಮೋಸದ ಪಾಕವಿಧಾನಕ್ಕೆ ದುಡ್ಡು ಸುರಿದಿದ್ದರು. ಈಗ ಆ ಭೂತದ ಕೈ ನೋಡಿ: ಕಿವಿಗೆ ಹಿಡಿಯುವ ಕಹಳೆ ಇದೆ. ಅಕಾಡೆಮಿಯ ಮೊದಲ ಅಧ್ಯಕ್ಷ ಜೋಶುವಾ ರೆನಾಲ್ಡ್ಸ್‌ಗೆ ಕಿವಿ ಮಂದವಾಗಿತ್ತು, ಅವನು ಅಂಥ ಕಹಳೆ ಬಳಸುತ್ತಿದ್ದ, ಸತ್ತದ್ದು 1792ರಲ್ಲಿ. ಐದು ವರ್ಷ ಕಳೆದು, ನಾನು ಕಟ್ಟಿದ ಮನೆಯಲ್ಲಿ ಇದೇನು ನಡೆಯುತ್ತಿದೆ ಎಂದು ಕೇಳಿಸಿಕೊಳ್ಳಲು ಎದ್ದು ಬಂದಿದ್ದಾನೆ. ಎಷ್ಟು ಚೆನ್ನಾಗಿದೆ ನೋಡಿ. ಒಂದು ಕಹಳೆಯಿಂದ ಆಳು ಯಾರೆಂದು ಹೇಳಿಬಿಟ್ಟ.

ಫ್ರಾನ್ಸಿನ ಚಿತ್ರಗಳಿಗೂ ತಾರೀಕು ಮುಖ್ಯ, ಕಾರಣ ಬೇರೆ. 1831ರಲ್ಲಿ ರಾಜ ಲೂಯಿ ಫಿಲಿಪ್‌ನನ್ನು ತಿನ್ನುಬಾಕ ದೈತ್ಯನಂತೆ ಬರೆದದ್ದಕ್ಕೆ ದೊಮಿಯೆ ಜೈಲು ಕಂಡ. 1835ರಲ್ಲಿ ರಾಜಕೀಯ ವ್ಯಂಗ್ಯಚಿತ್ರಗಳಿಗೆ ಕಾನೂನೇ ಅಡ್ಡ ಬಂತು. ಆಮೇಲೆ ಅವನ ಬಳಪ ವಕೀಲರು, ಮನೆ ಬಾಡಿಗೆಗೆ ಕೊಡುವವರು, ನಾಟಕದ ಪ್ರೇಕ್ಷಕರು, ಸಲೋನ್‌ಗೆ ಬರುವ ಜನ, ಹೀಗೆ ಊರಿನ ದಿನನಿತ್ಯದ ಕಡೆ ತಿರುಗಿತು.

3. ಗೋಡೆ ಬಿಡಿ, ನೋಡುವವರನ್ನು ನೋಡಿ

ಎಲ್ಲ ಹಂತಗಳಲ್ಲಿ ಇದೇ ಮುಖ್ಯ. ಚಿತ್ರಪ್ರದರ್ಶನದ ಚಿತ್ರ ಕಂಡ ಕೂಡಲೇ ನಮ್ಮ ಕಣ್ಣು ಗೋಡೆಯ ಮೇಲೆ ಏನಿದೆ ಎಂದು ಹೋಗುತ್ತದೆ. ಗೇಲಿ ಹೆಚ್ಚಾಗಿ ಅಲ್ಲಿರುವುದಿಲ್ಲ. ಹಾಳೆಯ ಮೇಲೆ ಹೀಗೆ ಬರೆದುಕೊಳ್ಳಿ: ಎಷ್ಟು ಜನ ಇದ್ದಾರೆ, ಪ್ರತಿಯೊಬ್ಬರೂ ಎತ್ತ ನೋಡುತ್ತಿದ್ದಾರೆ, ಚಿತ್ರ ನೋಡದೇ ಇರುವವರು ಯಾರು.

ಥಾಮಸ್ ರೋಲೆಂಡ್‌ಸನ್‌ನ ಮೆಟ್ಟಿಲಿನ ಚಿತ್ರದಿಂದ ಅಭ್ಯಾಸ ಶುರು ಮಾಡಿ. ರಾಯಲ್ ಅಕಾಡೆಮಿಯ ಪ್ರದರ್ಶನ 1780ರಿಂದ ಸಾಮರ್ಸೆಟ್ ಹೌಸ್ ಎಂಬ ಕಟ್ಟಡದಲ್ಲಿ ನಡೆಯುತ್ತಿತ್ತು. ಮುಖ್ಯ ಹಾಲ್ ಇದ್ದದ್ದು ಮೇಲ್ಗಡೆ ಮಹಡಿಯಲ್ಲಿ, ಅಲ್ಲಿಗೆ ಸುತ್ತು ಹಾಕುವ ಕಡಿದಾದ ಮೆಟ್ಟಿಲು. ರೋಲೆಂಡ್‌ಸನ್ ಆ ಮೆಟ್ಟಿಲನ್ನಷ್ಟೇ ಬರೆದ. ಹೆಂಗಸರು ಜಾರಿ ಬೀಳುತ್ತಿದ್ದಾರೆ, ಲಂಗ ಮೇಲೆ ಹಾರಿದೆ, ಮುದುಕರು ಕನ್ನಡಕ ಏರಿಸಿ ಕಣ್ಣು ತುಂಬಾ ನೋಡುತ್ತಿದ್ದಾರೆ. ಕಲೆ ನೋಡಲು ಬಂದವರು ನಿಜವಾಗಿ ಏನು ನೋಡಲು ಬಂದರು ಎನ್ನುವುದೇ ಪ್ರಶ್ನೆ. ಪ್ರದರ್ಶನದ ಬಗೆಗಿನ ಚಿತ್ರ ಇದು, ಆದರೆ ಪ್ರದರ್ಶನದ ಒಂದು ಚಿತ್ರವೂ ಇದರಲ್ಲಿ ಕಾಣುವುದಿಲ್ಲ!

ಆಮೇಲೆ ದೊಮಿಯೆಗೆ ಬನ್ನಿ. 1860ರ ದಶಕದ ಮಧ್ಯದಲ್ಲಿ ಅವನು ಮಾಡಿದ ಒಂದು ಚಿತ್ರದಲ್ಲಿ ಇಬ್ಬರು ಸಾಧಾರಣ ಹೆಂಗಸರು, ಟೋಪಿ ಶಾಲು ಹಾಕಿಕೊಂಡವರು, ನಗ್ನ ವೀನಸ್‌ಗಳು ತುಂಬಿದ ಗೋಡೆಯ ಮುಂದೆ ನಿಂತಿದ್ದಾರೆ. ವೀನಸ್ ಅಂದರೆ ರೋಮನ್ ಪುರಾಣದ ಪ್ರೇಮದೇವತೆ. ಒಬ್ಬಳು ಸಿಟ್ಟಾಗಿದ್ದಾಳೆ: ಈ ವರ್ಷವೂ ವೀನಸ್, ಯಾವಾಗ ನೋಡಿದರೂ ವೀನಸ್, ಇಂಥ ಹೆಂಗಸರು ಎಲ್ಲಾದರೂ ಇದ್ದಾರಾ! ಎಷ್ಟೋ ಜನ ಇದನ್ನು 'ಕಲೆ ಅರ್ಥವಾಗದ ಹೆಂಗಸರ ಗೇಲಿ' ಎಂದು ವಿವರಿಸುತ್ತಾರೆ. ನಾನು ಒಪ್ಪುವುದಿಲ್ಲ. 1863ರ ಸಲೋನ್‌ನಲ್ಲಿ ಕಬನೆಲ್ ಎಂಬ ಕಲಾವಿದನ ವೀನಸ್ ಎಲ್ಲರ ಬಾಯಲ್ಲಿತ್ತು, ಸ್ವತಃ ಚಕ್ರವರ್ತಿ ಮೂರನೆಯ ನೆಪೋಲಿಯನ್ ಅದನ್ನು ಕೊಂಡ. ಪುರಾಣದ ಹೆಸರಿಟ್ಟರೆ ಬತ್ತಲೆಗೆ ಮರ್ಯಾದೆ ಸಿಗುತ್ತಿದ್ದ ಕಾಲ ಅದು. ಆ ಹೆಂಗಸು ಹೇಳುತ್ತಿರುವುದು ನಿಜವೇ ಅಲ್ವಾ? ಅವಳ ಮುಖ ದೊಡ್ಡದು ಮಾಡಿ ನೋಡಿ, ಆಮೇಲೆ ನೀವೇ ತೀರ್ಮಾನಿಸಿ.

4. ಈಗ ಗೋಡೆ

ಗೋಡೆಯ ಚಿತ್ರ ನಿಜವಾದದ್ದೇ ಎಂದು ಪತ್ತೆ ಮಾಡಿ. ಅಡಿಬರಹದಲ್ಲಿ ಕಲಾವಿದನ ಹೆಸರಿದ್ದರೆ ಸುಲಭ. 1865ರಲ್ಲಿ ಮಾನೆ ಎಂಬ ಫ್ರೆಂಚ್ ಕಲಾವಿದನ 'ಒಲಿಂಪಿಯಾ' ಎಂಬ ಚಿತ್ರ ಸಲೋನ್‌ನಲ್ಲಿ ಇತ್ತು, ದೊಡ್ಡ ಗಲಾಟೆಯಾಯಿತು. ದೊಮಿಯೆ ಆ ಚಿತ್ರದ ಮುಂದೆ ನಿಂತವರನ್ನು ಬರೆದ. ಈ ದಪ್ಪ ಕೆಂಪು ಹೆಂಗಸಿಗೆ ಒಲಿಂಪಿಯಾ ಅಂತ ಯಾಕೆ ಹೆಸರು ಎಂದು ಒಬ್ಬರು ಕೇಳಿದರೆ, ಬಹುಶಃ ಆ ಕರಿ ಬೆಕ್ಕಿನ ಹೆಸರಿರಬೇಕು ಎಂದು ಇನ್ನೊಬ್ಬರು ಹೇಳುತ್ತಾರೆ. ಪಕ್ಕದಲ್ಲೇ ಮಾನೆಯ ಮೂಲ ಚಿತ್ರ ತೆರೆದಿಟ್ಟು ನೋಡಿ. ಆ ಹೆಂಗಸು ದಪ್ಪವೂ ಅಲ್ಲ, ಕೆಂಪೂ ಅಲ್ಲ. ಅವರು ಸರಿಯಾಗಿ ನೋಡಿಯೇ ಇಲ್ಲ. ಹೂಗುಚ್ಛ ಹಿಡಿದು ನಿಂತ ಕಪ್ಪು ಹೆಂಗಸಿನ ಬಗ್ಗೆ ಒಂದು ಮಾತೂ ಆಡುವುದಿಲ್ಲ, ಬೆಕ್ಕು ಮಾತ್ರ ಕಂಡಿದೆ. ಮೂಲ ಚಿತ್ರ ನೋಡದೆ ಅಡಿಬರಹ ಓದಿ ನಕ್ಕರೆ ಇದೆಲ್ಲ ತಪ್ಪಿಹೋಗುತ್ತದೆ.

ಇನ್ನೊಂದು, ತೂಗುಹಾಕುವ ಪದ್ಧತಿ. ಈಗಿನ ಗ್ಯಾಲರಿಯಂತೆ ಒಂದೇ ಸಾಲು ಅಲ್ಲ. ನೆಲದಿಂದ ಚಾವಣಿವರೆಗೆ ಚೌಕಟ್ಟಿಗೆ ಚೌಕಟ್ಟು ತಾಗಿಸಿ ತುಂಬುತ್ತಿದ್ದರು. ಕಣ್ಣಿಗೆ ಸಿಗುವ ಎತ್ತರ ದೊಡ್ಡವರಿಗೆ. ಉಳಿದವರ ಚಿತ್ರ ಚಾವಣಿಗೆ. ಅದಕ್ಕೇ ಗೇಲಿ ಚಿತ್ರಗಳಲ್ಲಿ ಕತ್ತು ಹಿಂದಕ್ಕೆ ಬಾಗಿಸಿ, ಬಾಯಿ ತೆರೆದು ಮೇಲೆ ನೋಡುವವರು ಅಷ್ಟೊಂದು ಜನ.

5. ಪ್ರಾಣಿ, ಕನ್ನಡಕ, ಹೊಗೆ

ಪದೇಪದೇ ಬರುವ ಕೆಲವು ಗುರುತುಗಳಿವೆ. ಕೋತಿ ಬಂದರೆ ನಕಲು ಮಾಡುವವನು, ಅಥವಾ ತಿಳಿಯದೆ ಮೆಚ್ಚುವವನು. ಭೂತಗನ್ನಡಿ ಹಿಡಿದವನು ಚಿತ್ರ ಬಿಟ್ಟು ಚುಕ್ಕೆ ನೋಡುವವನು.

ಹೋಗಾರ್ತ್ 1761ರಲ್ಲಿ ಒಂದು ಪ್ರದರ್ಶನದ ಕ್ಯಾಟಲಾಗಿಗೆ ಮಾಡಿಕೊಟ್ಟ ಪುಟ್ಟ ಚಿತ್ರದಲ್ಲಿ, ಒಳ್ಳೆಯ ಕೋಟು ತೊಟ್ಟ ಕೋತಿಯೊಂದು ಭೂತಗನ್ನಡಿ ಹಿಡಿದು ಕುಂಡದಲ್ಲಿರುವ ಒಣಗಿದ ಬೊಡ್ಡೆಗಳಿಗೆ ನೀರು ಹಾಕುತ್ತಿದೆ. ಬೊಡ್ಡೆಗಳ ಮೇಲೆ 'ಪರದೇಶಿ ಗಿಡ' ಎಂಬರ್ಥದ ಚೀಟಿ, ಸತ್ತ ವರ್ಷಗಳು. ಸತ್ತ ಇಟಲಿ ಕಲಾವಿದರನ್ನು ಪೂಜಿಸುತ್ತಾ ಬದುಕಿರುವ ಇಂಗ್ಲಿಷ್ ಕಲಾವಿದರನ್ನು ಒಣಗಿಸುತ್ತಿದ್ದೀರಿ ಎಂದು ಶ್ರೀಮಂತರಿಗೆ ನೇರವಾಗಿ ಹೇಳಿದ್ದು. ಅದೇ ವರ್ಷದ ಇನ್ನೊಂದರಲ್ಲಿ ಕಾಲಪುರುಷ ಕೂತು ಪೈಪಿನ ಹೊಗೆಯನ್ನು ಒಂದು ಚಿತ್ರದ ಮೇಲೆ ಊದುತ್ತಿದ್ದಾನೆ, ಅವನ ಕುಡುಗೋಲು ಕ್ಯಾನ್ವಾಸನ್ನೇ ಹರಿದಿದೆ, ಹತ್ತಿರದಲ್ಲಿ ವಾರ್ನಿಷ್ ಜಾಡಿ. ಹಳೆಯದಾದಷ್ಟೂ ಚಿತ್ರ ಚೆಂದವಾಗುತ್ತದೆ ಎನ್ನುವವರಿಗೆ ಕೊಟ್ಟ ಉತ್ತರ.

ಎಚ್ಚರಿಕೆ: ಎಲ್ಲದಕ್ಕೂ ಸಂಕೇತ ಹುಡುಕಬೇಡಿ. ದೊಮಿಯೆಯ ಚಿತ್ರದಲ್ಲಿ ಕೊಡೆ ಇದ್ದರೆ ಬಹುಪಾಲು ಅದು ಕೊಡೆಯೇ.

6. ಅಡಿಬರಹ ಕೊನೆಗೆ

ಮೊದಲೇ ಓದಿದರೆ ಕಣ್ಣು ಕೆಲಸ ನಿಲ್ಲಿಸುತ್ತದೆ. ಅದಕ್ಕೇ ಕೊನೆಗೆ ಇಟ್ಟಿದ್ದೇನೆ. ಇನ್ನೊಂದು ಕಾರಣವೂ ಇದೆ: ದೊಮಿಯೆಯ ಎಷ್ಟೋ ಅಡಿಬರಹಗಳನ್ನು ಬರೆದವನು ದೊಮಿಯೆ ಅಲ್ಲ, ಪತ್ರಿಕೆಯವರು. ಚಿತ್ರ ಒಂದು ಹೇಳಿ ಸಾಲು ಇನ್ನೊಂದು ಹೇಳಿದರೆ ನಾನು ಚಿತ್ರವನ್ನೇ ನಂಬುತ್ತೇನೆ.

ಅನುವಾದದ ಆ್ಯಪ್ ಅರ್ಥ ಕೊಡುತ್ತದೆ, ಪದಗಳ ಆಟ ಕೊಡುವುದಿಲ್ಲ. ರೋಲೆಂಡ್‌ಸನ್ ತನ್ನ ಚಿತ್ರದ ಹೆಸರಿನಲ್ಲಿ ಮೆಟ್ಟಿಲು ಎನ್ನುವ ಇಂಗ್ಲಿಷ್ ಪದದ ಜಾಗದಲ್ಲಿ ಅದೇ ಸದ್ದಿನ, ದಿಟ್ಟಿಸಿ ನೋಡು ಎನ್ನುವ ಪದ ಹಾಕಿದ. 'ಸ್ಟೇರ್' ಎಂದು ಗಟ್ಟಿಯಾಗಿ ಓದಿದರೆ ಮಾತ್ರ ಸಿಗುತ್ತದೆ. ಕೆಲವು ಆಟ ಕನ್ನಡಕ್ಕೆ ಹಾಗೆಯೇ ಬರುತ್ತವೆ. ದೊಮಿಯೆಯ 1862ರ ಬಲೂನಿನ ಚಿತ್ರದ ಹೆಸರು 'ಫೋಟೋಗ್ರಫಿಯನ್ನು ಕಲೆಯ ಎತ್ತರಕ್ಕೆ ಏರಿಸುತ್ತಿರುವ ನಾದಾರ್'. ನಾದಾರ್ ನಿಜವಾಗಿಯೂ ಬಲೂನಿನಿಂದ ಫೋಟೋ ತೆಗೆದ ಫೋಟೋಗ್ರಾಫರ್. ಅದೇ ಹೊತ್ತಿಗೆ ಫೋಟೋ ಕಲೆ ಹೌದೋ ಅಲ್ಲವೋ ಎಂಬ ಜಗಳ ಫ್ರಾನ್ಸಿನ ಕೋರ್ಟಿಗೂ ಹೋಗಿತ್ತು. ಕೆಳಗೆ ಪ್ಯಾರಿಸ್ಸಿನ ಕಟ್ಟಡ ಕಟ್ಟಡಕ್ಕೂ ಫೋಟೋಗ್ರಫಿ ಎಂಬ ಬೋರ್ಡು ಇದೆ, ಗಾಳಿಗೆ ಅವನ ಟೋಪಿ ಹಾರುತ್ತಿದೆ.

ನನಗೆ ತುಂಬಾ ಇಷ್ಟವಾದದ್ದು ದೊಮಿಯೆಯ 1865ರ ಚಿತ್ರವೊಂದರ ಸಾಲು. ಬಯಲಿನಲ್ಲಿ ಇಬ್ಬರು ಕಲಾವಿದರು ಒಬ್ಬರ ಹಿಂದೆ ಒಬ್ಬರು ಕೂತಿದ್ದಾರೆ. ಮೊದಲನೆಯವನು ಪ್ರಕೃತಿಯನ್ನು ನಕಲು ಮಾಡುತ್ತಾನೆ, ಎರಡನೆಯವನು ಮೊದಲನೆಯವನನ್ನು.

7. ಯಾರ ಪರ, ಯಾರ ವಿರುದ್ಧ?

ಕೊನೆಯ ಪ್ರಶ್ನೆ ಇದು, ಅವಸರ ಬೇಡ. ಕಲೆಯನ್ನು ಗೇಲಿ ಮಾಡಿದವನು ಕಲೆಯ ಶತ್ರು ಎಂದುಕೊಳ್ಳುವುದು ನಾನು ಜಾಸ್ತಿ ಕಾಣುವ ತಪ್ಪು. ಹೋಗಾರ್ತ್ ತನ್ನ ಚಿತ್ರಗಳನ್ನು ಮಾರಲು ಹೋರಾಡುತ್ತಿದ್ದ ಕಲಾವಿದ. ದೊಮಿಯೆ ಸ್ವತಃ ಎಣ್ಣೆಬಣ್ಣದ ಚಿತ್ರಗಳನ್ನು ಮಾಡಿದ, ಅವನು ಬದುಕಿದ್ದಾಗ ಅವುಗಳ ದೊಡ್ಡ ಪ್ರದರ್ಶನ ಆದದ್ದು 1878ರಲ್ಲಿ, ಸಾಯುವ ಹಿಂದಿನ ವರ್ಷ. 1840ರಲ್ಲೇ ಅವನು, ಸಲೋನ್ ತಿರಸ್ಕರಿಸಿದ ತನ್ನ ಚಿತ್ರವನ್ನು ಸಿಟ್ಟಿನಿಂದ ತಾನೇ ಒದ್ದು ಹರಿಯುತ್ತಿರುವ ಕಲಾವಿದನನ್ನು ಬರೆದಿದ್ದ. ಅದನ್ನು ಬರಿಯ ಲೇವಡಿ ಎಂದು ನೋಡಲು ನನಗೆ ಆಗುವುದಿಲ್ಲ.

ಕೆಲವು ಸಲ ಗೇಲಿ ಕಲೆಯನ್ನು ದಾಟಿ ಹೋಗುತ್ತದೆ. 1843ರಲ್ಲಿ ಲಂಡನ್ನಿನ ಹೊಸ ಪಾರ್ಲಿಮೆಂಟ್ ಕಟ್ಟಡದ ಭಿತ್ತಿಚಿತ್ರಗಳಿಗೆ ಸ್ಪರ್ಧೆ ನಡೆಸಿ, ಬಂದ ಕರಡುಗಳನ್ನು ಪ್ರದರ್ಶನಕ್ಕಿಟ್ಟರು. ಗೋಡೆಗೆ ಇಳಿಸುವ ಮುನ್ನ ಪೂರ್ತಿ ಅಳತೆಯಲ್ಲಿ ಮಾಡುವ ಇಂಥ ಕರಡಿಗೆ ಆಗ 'ಕಾರ್ಟೂನ್' ಎನ್ನುತ್ತಿದ್ದರು. 'ಪಂಚ್' ಎಂಬ ಲಂಡನ್ನಿನ ಹಾಸ್ಯಪತ್ರಿಕೆ ಅದೇ ಹೆಸರು ಹಿಡಿದು ತನ್ನದೇ 'ಕಾರ್ಟೂನ್ ನಂಬರ್ 1' ಹಾಕಿತು. ಬರೆದವನು ಜಾನ್ ಲೀಚ್. ಹರಕು ಬಟ್ಟೆಯ ಬಡವರು, ಮಕ್ಕಳು, ಊರುಗೋಲಿನವನು, ಚಿನ್ನದ ಚೌಕಟ್ಟುಗಳ ಮುಂದೆ ನಿಂತಿದ್ದಾರೆ. ಹೊಟ್ಟೆಗೆ ಕೇಳಿದವರಿಗೆ ಚಿತ್ರ ತೋರಿಸಿದ್ದರು. ನಾವೀಗ ಕನ್ನಡದಲ್ಲೂ ದಿನಾ ಆಡುವ ಕಾರ್ಟೂನ್ ಎಂಬ ಪದ ಈ ಅರ್ಥ ಪಡೆದದ್ದು ಅಲ್ಲಿಂದ, ಒಂದು ಚಿತ್ರಪ್ರದರ್ಶನದ ಗೇಲಿಯಿಂದ. ಪಂಚ್‌ನ ಉಪಶೀರ್ಷಿಕೆಯೇ 'ಲಂಡನ್ನಿನ ಶಾರಿವಾರಿ' ಎಂದಿತ್ತು.

ಕೊಳ್ಳಬೇಕು ಎನ್ನುವವರಿಗೆ

ಇದನ್ನೂ ಕೇಳುತ್ತಾರೆ, ಚಿಕ್ಕದಾಗಿ ಹೇಳುತ್ತೇನೆ. ಶಾರಿವಾರಿಯ ಹಳೆಯ ಹಾಳೆಗಳು ಈಗಲೂ ಮಾರಾಟಕ್ಕೆ ಸಿಗುತ್ತವೆ. ಪತ್ರಿಕೆಯಿಂದ ತೆಗೆದದ್ದಾದರೆ ಹಿಂಬದಿಯಲ್ಲಿ ಫ್ರೆಂಚ್ ಸುದ್ದಿ ಅಚ್ಚಾಗಿರುತ್ತದೆ. ಹಿಂಬದಿ ಖಾಲಿ ಇದ್ದರೆ ಸುಳ್ಳು ಎಂದೇನಲ್ಲ, ಒಳ್ಳೆಯ ಬಿಳಿ ಕಾಗದದ ಮೇಲೆ ಬೇರೆ ಪ್ರತಿಗಳನ್ನೂ ತೆಗೆಯುತ್ತಿದ್ದರು. ಮಾರುವವರ ಹತ್ತಿರ ಎರಡೂ ಬದಿಯ ಫೋಟೋ ಕೇಳಿ. ಭೂತಗನ್ನಡಿಯಲ್ಲಿ ನೋಡಿದಾಗ ಕಪ್ಪು ಭಾಗ ಬಳಪ ಉಜ್ಜಿದಂತೆ ತರಿತರಿಯಾಗಿ, ಅಂಕುಡೊಂಕಾಗಿ ಇರಬೇಕು. ಸಾಲಾಗಿ, ಒಂದೇ ಅಂತರದಲ್ಲಿ ಚುಕ್ಕೆಗಳು ಕಂಡರೆ ಅದು ಆಮೇಲಿನ ಪುಸ್ತಕದಿಂದ ಕತ್ತರಿಸಿದ ಮರುಮುದ್ರಣ. ಗೋಡೆಗೆ ಹಾಕಲು ಅದೂ ಚೆನ್ನಾಗಿರುತ್ತದೆ, ಮೂಲದ ಬೆಲೆ ಮಾತ್ರ ಕೊಡಬೇಡಿ.

ನಿಮ್ಮ ಪಾಲಿಗೆ ಒಂದು

ದೊಮಿಯೆ 1857ರ ಸಲೋನ್ ಬಗ್ಗೆ ಮಾಡಿದ್ದನ್ನು ಹುಡುಕಿ. ಹೆಸರು 'ಚಿತ್ರಗಳ ನಡುವೆ ಕೂರಿಸಿದ ಶಿಲ್ಪದ ಸಪ್ಪೆ ಮುಖ'. ಈ ಏಳು ಹಂತಗಳನ್ನು ಅದರ ಮೇಲೆ ಪ್ರಯೋಗಿಸಿ, ಅಡಿಬರಹದ ಹೆಸರು ನಾನು ಹೇಳಿಬಿಟ್ಟದ್ದರಿಂದ ಆರೇ ಉಳಿದವು. ಮೂರನೆಯ ಹಂತಕ್ಕೆ ಬಂದಾಗ, ನೋಡುವವರ ಪಟ್ಟಿಯಲ್ಲಿ ಕಲ್ಲಿನ ಮುಖಗಳನ್ನೂ ಸೇರಿಸಿಕೊಳ್ಳಿ.